ಮಲಗಿದ ಮರಳು

ನೀರಿನಿಂದ ತಲೆ ಎತ್ತಿದಾಗ ಯಮುನಾಳ ಹೆಗಲ ಮೇಲೆ ಒಂದು ಸೇವಂತಿಗೆ ಹೂವು ಅಂಟಿಕೊಂಡಿತ್ತು. ಐದು ನಿಮಿಷದ ಹಿಂದೆ ಅದೇ ಹೂವನ್ನು ದೋಣಿ ಮಾಡಿದ ಬೈಲಪ್ಪ ತನ್ನ ಕೈಯಾರೆ, ಒಬ್ಬರೇ ಕೂರುವ ಹೊಸ ಕಯಾಕ್ ದೋಣಿಯ ಮೂತಿಗೆ ಸಿಕ್ಕಿಸಿದ್ದ. ತೆಂಗಿನಕಾಯಿ ಒಡೆದು, ನಿಂಬೆಹಣ್ಣು ನಿವಾಳಿಸಿ, ಕುಂಕುಮ ಇಟ್ಟು, "ಈಗ ಕೂತ್ಕೊಳಮ್ಮ" ಅಂದಿದ್ದ. ಅವಳು ಕೂತಳು, ಹತ್ತು ಮಾರು ದೂರ ಹೋದಳು, ಪಕ್ಕಕ್ಕೆ ಬಾಗಿ ಜೋರಾಗಿ ಒಂದು ಹುಟ್ಟು ಹಾಕಿದಳು. ದೋಣಿ ಮಗುಚಿಕೊಂಡಿತು. ಹಲಸೂರು ಕೆರೆಯ ಸುತ್ತ ಬೆಳಗಿನ ವಾಕಿಂಗ್ ಮಾಡುತ್ತಿದ್ದ ನಾಲ್ಕು ಜನ ನಿಂತು ನೋಡಿದರು. ಅದರಲ್ಲೊಬ್ಬ ಮೊಬೈಲು ತೆಗೆದ.

ಯಮುನಾ ಈ ಕೆರೆಯ ದಡದ ದೋಣಿ ಕ್ಲಬ್ಬಿನಲ್ಲಿ ಹುಟ್ಟು ಹಾಕುವುದು ಕಲಿಸುವವಳು. ಜೋಗುಪಾಳ್ಯದ ಹುಡುಗಿ, ಹನ್ನೆರಡು ವರ್ಷದಿಂದ ಇದೇ ನೀರಿನಲ್ಲಿ ಇರುವವಳು. ಬೀಳುವ ಪೈಕಿ ಅಲ್ಲ. ಲೈಫ್ ಜಾಕೆಟ್ಟಿನಿಂದ ನೀರು ಸುರಿಸುತ್ತಾ ಮೆಟ್ಟಿಲು ಹತ್ತಿ ಬಂದವಳು ಯಾರನ್ನೂ ಬೈಯಲಿಲ್ಲ. ಬೆಂಚಿನ ಮೇಲಿದ್ದ ಚೀಲದಿಂದ ಪ್ಲಾಸ್ಟಿಕ್ ಕವರಿನಲ್ಲಿದ್ದ ಒಂದು ಹಾಳೆ ತೆಗೆದು ಬೈಲಪ್ಪನ ಮುಂದೆ ಹಿಡಿದಳು.

"ಸರ್, ಇದ್ರಲ್ಲಿ ವಾಲೋ ಅಳತೆ ಐದು ಸೆಂಟಿಮೀಟರ್ ಅಂತ ಬರ್ದಿದೆ. ಐದು ಅಂದ್ರೆ ಬೋಟ್ ಮೇಲೆ ನಿಂತ್ಕೊಂಡು ಕುಣೀಬೋದು. ಇದನ್ನ ನಂಬ್ಕೊಂಡೇ ನಾನು ಬಾಗಿದ್ದು. ಇದು ಈ ಬೋಟಿನ ಪೇಪರ್ ತರ ಕಾಣ್ತಿಲ್ಲ."

ಹಾಳೆಯ ಕೆಳಗೆ ಪ್ರೇಮ್‌ಕುಮಾರನ ಸಹಿ ಇತ್ತು. ಪ್ರೇಮ್‌ಕುಮಾರ್ ಬೈಲಪ್ಪನ ತಂಗಿಯ ಮಗ. ಅಲ್ಲೇ ಎರಡು ಮಾರು ದೂರದಲ್ಲಿ ಹಗ್ಗ ಸುತ್ತುತ್ತಾ ನಿಂತಿದ್ದ. ಯಮುನಾ ಒಮ್ಮೆ ಅವನ ಕಡೆ ನೋಡಿದಳು. ಅವನು ನೆಲ ನೋಡಿದ. ಆ ನೋಟ ಹೋಗಿ ಬಂದದ್ದು ಅರೆಗಳಿಗೆ ಇರಬಹುದು, ಆದರೆ ಬೈಲಪ್ಪನ ಕಣ್ಣಿಗೆ ಬಿದ್ದುಬಿಟ್ಟಿತು.

"ಶನಿವಾರ ಹನ್ನೆರಡು ಹೆಣ್ಮಕ್ಕಳು ಬರ್ತಿದಾರೆ ಕ್ಯಾಂಪ್‌ಗೆ. ಅರ್ಧ ಮಕ್ಕಳಿಗೆ ಈಜು ಬರಲ್ಲ," ಅಂದಳು ಯಮುನಾ. "ನಾಳೆ ನಿಮ್ಮ ಶೆಡ್‌ಗೇ ಬರ್ತೀನಿ. ನನ್ನ ಮುಂದೆ ಅಳೀರಿ. ಹತ್ತರ ಒಳಗೆ ಬಂದ್ರೆ ತಗೋತೀನಿ. ಇಲ್ಲಾಂದ್ರೆ ಎಂಟು ಬೋಟೂ ನಿಮ್ಮ ಹತ್ರಾನೇ ಇರ್ಲಿ."

ಬೈಲಪ್ಪನ ಅನುಮಾನ ಊರಿಗೇ ಗೊತ್ತಿದ್ದದ್ದು. ಹಾಲಿನವನು ಅಳೆದು ಹಾಕಿದ ಹಾಲನ್ನು ತನ್ನ ಪಾವಿನಲ್ಲಿ ಮತ್ತೆ ಅಳೆಯುವ ಆಸಾಮಿ. ಗ್ಯಾಸ್ ಸಿಲಿಂಡರ್ ಬಂದರೆ ತಕ್ಕಡಿಗೆ ಏರಿಸದೆ ಒಳಗೆ ಬಿಟ್ಟವನಲ್ಲ. "ಪ್ರತ್ಯಕ್ಷ ಕಂಡ್ರೂ ಪ್ರಮಾಣಿಸಿ ನೋಡ್ಬೇಕು" ಅನ್ನುವುದು ಅವನ ಬಾಯಲ್ಲಿ ದಿನಕ್ಕೆ ನಾಲ್ಕು ಸಲ ಬರುತ್ತಿತ್ತು. ಅದಕ್ಕೆ ಕಾರಣ ಇಲ್ಲದೆಯೂ ಇರಲಿಲ್ಲ. ಕೌದೇನಹಳ್ಳಿಯಲ್ಲಿ ಅವನ ಅಪ್ಪ ಹೂಕೋಸು ಬೆಳೆಯುತ್ತಿದ್ದ ಎರಡು ಎಕರೆ, ಕಾಗದ ಓದಿ ಹೇಳುತ್ತೇನೆ ಅಂದವನು ಓದಿ ಹೇಳಿದ್ದನ್ನು ನಂಬಿ ಹೆಬ್ಬೆಟ್ಟು ಒತ್ತಿದ್ದಕ್ಕೇ ಹೋಗಿತ್ತು. ಉಳಿದದ್ದು ಈಗ ರಾಮಮೂರ್ತಿ ನಗರದ ಬಾಡಿಗೆ ಮನೆಗಳ ನಡುವೆ ಸಿಕ್ಕಿಕೊಂಡಿರುವ ಹತ್ತು ಗುಂಟೆ, ಒಂದು ಮನೆ, ಒಂದು ಶೆಡ್ಡು ಮತ್ತು ತರಕಾರಿಗೆ ನೀರು ಬಿಡಲು ಅಪ್ಪ ಕಟ್ಟಿಸಿದ್ದ ಎದೆಮಟ್ಟದ ಸಿಮೆಂಟಿನ ತೊಟ್ಟಿ.

ಶೆಡ್ಡಿನಲ್ಲಿ ಇಪ್ಪತ್ತು ವರ್ಷದಿಂದ ಫೈಬರ್ ಕೆಲಸ ನಡೆದಿತ್ತು. ನೀರಿನ ಟ್ಯಾಂಕು, ಪಾರ್ಕಿನ ಜಾರುಬಂಡೆ, ಕಾರ್ಪೊರೇಷನ್ನಿನ ಕಸದ ಡಬ್ಬ. ದೋಣಿ ಮಾಡೋಣ ಅಂದವನು ಪ್ರೇಮ್. ಕೊಚ್ಚಿಗೆ ಹೋಗಿ ಮೂರು ತಿಂಗಳು ಇದ್ದು ಕಲಿತು ಬಂದ. ಬೈಲಪ್ಪನಿಗೆ ಒಳಗೊಳಗೇ ಖುಷಿಯಾಗಿತ್ತು. ಕಸದ ಡಬ್ಬ ಮಾಡಿದವನು ಅಂತ ಹೇಳಿಕೊಳ್ಳುವುದಕ್ಕಿಂತ ದೋಣಿ ಮಾಡಿದವನು ಅಂತ ಹೇಳಿಕೊಳ್ಳುವುದು ಯಾರಿಗೆ ಬೇಡ? ಈಗ ಆ ದೋಣಿ ನಾಲ್ಕು ಜನರ ಮುಂದೆ ಹೊಟ್ಟೆ ಮೇಲೆ ಮಾಡಿಕೊಂಡು ತೇಲುತ್ತಿತ್ತು.

ಅದಕ್ಕಿಂತ ಅವನನ್ನು ಕೊರೆದದ್ದು ಇನ್ನೊಂದು. ಪೂಜೆ ಆದಮೇಲೂ ಹೀಗಾಯಿತಲ್ಲ. ಅವನ ಮನೆಯಲ್ಲಿ ಪೂಜೆ ಆಗದ ಹೊಸ ಗಾಡಿಗೆ ಮನುಷ್ಯ ಏರುವಂತಿಲ್ಲ. ಹದಿನೆಂಟು ವರ್ಷದ ಹಿಂದೆ ಭಾವ, ಅಂದರೆ ಈ ಪ್ರೇಮನ ಅಪ್ಪ, ಹೊಸ ಟೆಂಪೋವನ್ನು ಶೋರೂಮಿನಿಂದ ನೇರ ಓಡಿಸಿಕೊಂಡು ಹೊರಟಿದ್ದ. ಶುಕ್ರವಾರ ಪೂಜೆ ಮಾಡಿಸೋಣ, ಏನು ಅವಸರ ಅಂದಿದ್ದ. ಕೆ.ಆರ್. ಪುರದ ರೈಲ್ವೆ ಸೇತುವೆಯ ಹತ್ತಿರ ಲಾರಿಗೆ ಸಿಕ್ಕಿ ಮುಗಿದೇಹೋದ. ಆವತ್ತು ಒಂಬತ್ತು ವರ್ಷದ ಪ್ರೇಮನನ್ನು ಹೆಗಲ ಮೇಲೆ ಹಾಕಿಕೊಂಡು ಬಂದವನು ಬೈಲಪ್ಪನೇ.

ಕಯಾಕನ್ನು ಟೆಂಪೋ ಮೇಲೆ ಕಟ್ಟಿಕೊಂಡು ಹಳೇ ಮದ್ರಾಸ್ ರಸ್ತೆ ಹಿಡಿದರು. ಪ್ರೇಮ್ ಓಡಿಸುತ್ತಿದ್ದ. ಮೇಲಿನಿಂದ ಕೆರೆಯ ನೀರು ಗಾಜಿನ ಮೇಲೆ ತೊಟ್ಟಿಕ್ಕುತ್ತಿತ್ತು.

"ಅಳ್ದಿದ್ದು ಯಾರು?" ಅಂದ ಬೈಲಪ್ಪ.

"ನಾನೇ ಮಾವ."

"ಯಾವತ್ತು?"

"ಹೋದ ಸೋಮವಾರ. ನೀವು ತಾಲ್ಲೂಕ್ ಆಫೀಸಿಗೆ ಹೋಗಿದ್ರಲ್ಲ, ಅವತ್ತು."

"ನಾನಿಲ್ದಿದ್ದಾಗ."

ಪ್ರೇಮ್ ವೈಪರ್ ಹಾಕಿ ಗಾಜಿನ ನೀರು ಒರೆಸಿದ.

"ಅಳತೆ ಸರಿ ಇತ್ತಾ?"

"ಅಳತೆ ಸರಿಯಾಗೇ ಇದೆ ಮಾವ."

"ಹಂಗಾದ್ರೆ ಆ ಹುಡುಗಿ ಬೇಕೂಂತ ನೀರಿಗೆ ಬಿದ್ಲಾ?"

ಟಿನ್ ಫ್ಯಾಕ್ಟರಿ ಹತ್ತಿರ ಗಾಡಿಗಳು ನಿಂತಿದ್ದವು. ಪ್ರೇಮ್ ಸ್ಟೀರಿಂಗಿನ ಮೇಲೆ ಎರಡೂ ಕೈ ಇಟ್ಟುಕೊಂಡು ಸ್ವಲ್ಪ ಹೊತ್ತು ಮುಂದಿನ ಬಸ್ಸಿನ ಹಿಂಬದಿ ನೋಡಿದ. "ಮಾವ, ಒಂದ್ ಮಾತು ಹೇಳ್ಬೇಕು. ನೀವು ಬೇಜಾರ್ ಮಾಡ್ಕೋಬಾರ್ದು," ಅಂದ.

"ಬೇಜಾರ್ ಆಗೋದು ಆಗಿದೆ. ಮುಂದೆ ನೋಡ್ಕೊಂಡು ಓಡ್ಸು."

ಹುಡುಗ ಬಾಯಿ ಮುಚ್ಚಿಕೊಂಡ. ಬೈಲಪ್ಪನಿಗೆ ಅದೂ ಒಂದು ಸಾಕ್ಷಿಯಾಗಿ ಕಂಡಿತು. ಸತ್ಯ ಇದ್ದವನಾಗಿದ್ದರೆ ಬೈದರೂ ಹೇಳುತ್ತಿರಲಿಲ್ಲವೇ?

ಶೆಡ್ಡಿಗೆ ಬಂದವನೇ ಬೈಲಪ್ಪ ಊಟವನ್ನೂ ಮಾಡದೆ ತನಿಖೆಗೆ ಇಳಿದ. ಮೊದಲು ಅಬ್ರಾರನನ್ನು ಕರೆದ. ಅಬ್ರಾರ್ ಶಿವಾಜಿನಗರದವನು, ಶೆಡ್ಡು ಶುರುವಾದ ದಿನದಿಂದ ಇರುವ ಮೇಸ್ತ್ರಿ, ಅಚ್ಚಿನೊಳಗೆ ಫೈಬರ್ ಹಾಸಿ ಅಂಟು ಬಳಿಯುವುದರಲ್ಲಿ ಅವನ ಕೈ ಬಿಟ್ಟರೆ ಇನ್ನೊಂದಿಲ್ಲ.

"ತಳಕ್ಕೆ ಎಷ್ಟು ಪದರ ಹಾಕಿದೀಯ?"

"ನಾಲ್ಕು, ಬೈಲಪ್ಪಣ್ಣ. ನೀವೇ ನಿಂತ್ಕೊಂಡು ಎಣಿಸಿದ್ರಲ್ಲ."

"ನಾನು ಹೋದ್ಮೇಲೆ ಕಿತ್ತಿಲ್ಲ ತಾನೆ?"

ಅಬ್ರಾರ್ ನಕ್ಕ. "ಒಣಗಿದ ಫೈಬರ್ ಕಿತ್ಕೊಳೋಕೆ ಅದೇನು ಬಾಳೆಎಲೆನಾ? ಬೋಟು ಸರಿ ಇದೆ ಅಣ್ಣ. ನಿಮ್ಮ ಅಳಿಯನೂ ಸರಿ ಇದಾನೆ. ಒಂದ್ ವಿಷಯ ಇದೆ, ಕೇಳಿದ್ರೆ ಹೇಳ್ತೀನಿ."

"ನಿನ್ ಸರ್ಟಿಫಿಕೇಟ್ ಬೇಡ ನಂಗೆ," ಅಂದ ಬೈಲಪ್ಪ. ಆ ವಿಷಯ ಏನು ಅಂತ ಕೇಳಲಿಲ್ಲ. ಊರೆಲ್ಲ ಅಳೆಯುವವನಿಗೆ ಎದುರಿಗೆ ಬಂದು ನಿಂತದ್ದು ಕಾಣುವುದಿಲ್ಲ ನೋಡಿ.

ಕಯಾಕನ್ನು ತೂಕಕ್ಕೆ ಏರಿಸಿದ. ಸರಿ ಇತ್ತು. ಉದ್ದ ಅಳೆದ, ಅಗಲ ಅಳೆದ, ತಳದ ಎರಡು ಪಕ್ಕಕ್ಕೂ ದಾರ ಹಿಡಿದ. ಒಂದು ನೂಲೂ ಹೆಚ್ಚುಕಮ್ಮಿ ಇರಲಿಲ್ಲ. ಹಾಗಾದರೆ ಸುಳ್ಳು ಇರಬೇಕಾದ್ದು ಅಳತೆಯಲ್ಲಿಯೇ. ಅಳೆಯುವ ಕ್ರಮ ಅವನಿಗೆ ಗೊತ್ತಿತ್ತು, ಪ್ರೇಮ್ ತೋರಿಸಿಕೊಟ್ಟಿದ್ದ. ದೋಣಿಯನ್ನು ತೊಟ್ಟಿಗೆ ಇಳಿಸಿ ಒಬ್ಬ ಮನುಷ್ಯನಷ್ಟು ಭಾರ ತುಂಬಬೇಕು. ಸೀಟಿನ ಹಿಂದೆ ಒಂದು ಮೀಟರ್ ಎತ್ತರದ ಮರದ ಚೌಕಟ್ಟು ನಿಲ್ಲಿಸಿ, ಅದರಿಂದ ಗಾರೆಯವರ ತೂಗುಗುಂಡು ಇಳಿಬಿಟ್ಟು, ಗುಂಡಿನ ಹಿಂದೆ ಒಂದು ಸ್ಕೇಲು ಅಂಟಿಸಬೇಕು. ಆಮೇಲೆ ಐದು ಕೆಜಿಯ ತೂಕದ ಬಟ್ಟನ್ನು ನಡುವಿನಿಂದ ಅಂಚಿಗೆ ಸರಿಸಬೇಕು. ದೋಣಿ ಆ ಕಡೆ ವಾಲುತ್ತದೆ, ಗುಂಡು ಸ್ಕೇಲಿನ ಮೇಲೆ ಸರಿಯುತ್ತದೆ. ಕಮ್ಮಿ ಸರಿದರೆ ದೋಣಿ ಗಟ್ಟಿ. ಜಾಸ್ತಿ ಸರಿದರೆ ಅದನ್ನು ನಂಬಿ ಕೂರುವ ಹಾಗಿಲ್ಲ. ಮಗುವಿಗೂ ಅರ್ಥವಾಗುವ ವಿಷಯ.

ಪ್ರೇಮನ ಅಳತೆಯ ನೋಟ್‌ಬುಕ್ಕು ಮೇಜಿನ ಮೇಲೇ ಇತ್ತು. ಸೋಮವಾರದ ಪುಟ ತೆಗೆದ. ಐದು, ಐದು, ಐದೂಕಾಲು, ಐದು. ಸರಾಸರಿ ಐದು. ಅದರ ಮುಂದಿನ ಹಾಳೆ ಇರಲಿಲ್ಲ. ಹರಿದು ತೆಗೆದ ಅಂಚು ಹೊಲಿಗೆಗೆ ಅಂಟಿಕೊಂಡಿತ್ತು. ಬೈಲಪ್ಪ ಆ ಅಂಚನ್ನು ಬೆರಳಿನಿಂದ ಮುಟ್ಟಿ ಮುಟ್ಟಿ ನೋಡಿದ. ಅಪ್ಪನ ಹೆಬ್ಬೆಟ್ಟಿನ ಕಾಗದ ನೆನಪಾಯಿತು.

ಮೂರು ಗಂಟೆಗೆ ಪ್ರೇಮ್, "ಮಾವ, ಇಲ್ಲೇ ಹೋಗ್ಬಿಟ್ಟು ಬರ್ತೀನಿ" ಅಂತ ಹೊರಟ. ಎಲ್ಲಿಗೆ ಅಂತ ಹೇಳಲಿಲ್ಲ. ಬೈಲಪ್ಪ ಅವನ ಬೈಕು ತಿರುವು ದಾಟುವವರೆಗೆ ಕಾದು ತನ್ನ ಹಳೆಯ ಟಿವಿಎಸ್ ಹತ್ತಿ ಹಿಂದೆಯೇ ಹೋದ. ಐವತ್ತಾರು ವರ್ಷದ ಮನುಷ್ಯ, ಮಂಡಿ ನೋವಿನವನು, ಇಂದಿರಾನಗರದ ಟ್ರಾಫಿಕ್ಕಿನಲ್ಲಿ ಸೋದರಳಿಯನ ನೀಲಿ ಶರ್ಟಿನ ಬೆನ್ನು ಹಿಡಿದುಕೊಂಡು ಹೋಗುವುದೆಂದರೆ ಸುಮ್ಮನೆ ಅಲ್ಲ. ಜೋಗುಪಾಳ್ಯದ ಒಂದು ಟೀ ಅಂಗಡಿಯ ಮುಂದೆ ಪ್ರೇಮ್ ಗಾಡಿ ನಿಲ್ಲಿಸಿದ. ಅಲ್ಲಿ ಯಮುನಾ ಕಾಯುತ್ತಿದ್ದಳು.

ಬೈಲಪ್ಪ ರಸ್ತೆಯ ಈಚೆ ಇಸ್ತ್ರಿ ಗಾಡಿಯ ಮರೆಯಲ್ಲಿ ನಿಂತ. ಪ್ರೇಮ್ ಕಾಗದದ ಮೇಲೆ ಏನನ್ನೋ ಬರೆದು ತೋರಿಸುತ್ತಿದ್ದ. ಅವಳು ತಲೆ ಅಲ್ಲಾಡಿಸುತ್ತಿದ್ದಳು. ಅವನು ಎರಡು ಕೈಯನ್ನೂ ಜೋಡಿಸಿ ಏನೋ ಕೇಳಿಕೊಂಡ. ಅವಳು ತನ್ನ ಪರ್ಸಿನಿಂದ ಒಂದು ಚೀಟಿ ತೆಗೆದು ಅದರ ಮೇಲೆ ಏನೋ ಬರೆದು ಕೊಟ್ಟಳು. ಅವನು ಅದನ್ನು ಮಡಿಸಿ ಜೇಬಿಗೆ ಹಾಕಿಕೊಂಡ. ಇಷ್ಟೇ ಕಂಡದ್ದು. ಉಳಿದದ್ದನ್ನು ಬೈಲಪ್ಪ ವಾಪಸು ಬರುವ ದಾರಿಯಲ್ಲಿ ತಾನೇ ತುಂಬಿಕೊಂಡ. ದೋಣಿ ಸರಿಯಿಲ್ಲ ಅಂತ ಹೆಸರು ಕೆಡಿಸುವುದು, ಆರ್ಡರು ತಿರುಗಿಸುವುದು, ಆಮೇಲೆ ಇವನೇ ಬೇರೆ ಶೆಡ್ಡು ಹಾಕಿ ಅದೇ ಅಚ್ಚಿನಲ್ಲಿ ಅವಳಿಗೆ ಮಾಡಿಕೊಡುವುದು. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ಹೇಳುವುದು?

ಶೆಡ್ಡಿಗೆ ಬಂದು ನೋಡಿದರೆ ಎರಡನೇ ದೋಣಿಯ ಪಕ್ಕದಲ್ಲಿ ಫೈಬರ್ ಪುಡಿ ರಾಶಿ ಬಿದ್ದಿತ್ತು. ಸೀಟಿನ ಕೆಳಗಿನ ದಿಂಡನ್ನು ಯಾರೋ ಕೊಯ್ದಿದ್ದರು. ಅಬ್ರಾರ್ ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಉಜ್ಜುಕಾಗದ ಹಿಡಿದು ಕೂತಿದ್ದ.

"ಇದ್ಯಾರು ಹೇಳಿದ್ದು ಕೊಯ್ಯೋಕೆ?"

"ಪ್ರೇಮ್ ಹೇಳಿ ಹೋದ ಅಣ್ಣ."

ಬೈಲಪ್ಪ ಮನೆಗೆ ನಡೆದ. ಇನ್ನು ಕೇಳುವುದು ಏನೂ ಉಳಿದಿರಲಿಲ್ಲ.

ತಂಗಿ ಆಂಜನಮ್ಮ ಜಗಲಿಯ ಮೇಲೆ ಅವರೆಕಾಯಿ ಬಿಡಿಸುತ್ತಿದ್ದಳು. ಸಂಜೆಯ ಬಿಸಿಲು ಎದುರಿನ ಮೂರು ಮಹಡಿ ಮನೆಯ ನೀರಿನ ಟ್ಯಾಂಕಿನ ಮೇಲೆ ಮಾತ್ರ ಉಳಿದಿತ್ತು. ಬೈಲಪ್ಪ ಅವಳ ಎದುರು ಕೂತು ಎಲ್ಲವನ್ನೂ ಹೇಳಿದ. ಹಾಳೆ ಹರಿದದ್ದು, ಟೀ ಅಂಗಡಿ, ಚೀಟಿ, ಕೊಯ್ದ ಸೀಟು. ಸಿಟ್ಟಿಗಿಂತ ನೋವೇ ಹೆಚ್ಚಾಗಿತ್ತು.

"ನಾಳೆ ಆ ಹುಡುಗಿ ಮುಂದೆ ನಾನೇ ಅಳೀತೀನಿ. ಅವನ ಸುಳ್ಳು ಬಯಲಾದ್ಮೇಲೆ ನಿನ್ ಮಗ ಶೆಡ್‌ಗೆ ಕಾಲಿಡಬಾರ್ದು. ನೀನಿರು, ನಿನ್ನ ಮನೆ ಇದು. ಅವನು ಬೇಡ."

ಆಂಜನಮ್ಮ ಕಾಯಿ ಬಿಡಿಸುವುದನ್ನು ನಿಲ್ಲಿಸಲಿಲ್ಲ. ಗಂಡ ಸತ್ತಾಗಲೂ ಅವಳು ಹೀಗೇ ಕೈಗೆ ಏನಾದರೂ ಕೆಲಸ ಇಟ್ಟುಕೊಂಡೇ ಅತ್ತಿದ್ದಳು.

"ಅಳೀತೀನಿ ಅಂದ್ಯಲ್ಲ, ಮೊದ್ಲು ಅಳ್ದು ನೋಡಣ್ಣ," ಅಂದಳು. "ಆಮೇಲೆ ಹೇಳು."

ಶುಕ್ರವಾರ ಬೆಳಿಗ್ಗೆ ಏಳಕ್ಕೇ ಬೈಲಪ್ಪ ತೊಟ್ಟಿಯ ಹತ್ತಿರ ಇದ್ದ. ಪ್ರೇಮನ ಚೌಕಟ್ಟನ್ನು ನಂಬದೆ ಮೂಲೆಮಟ್ಟ ಹಿಡಿದು ನೋಡಿದ. ಪ್ರೇಮನ ತೂಗುಗುಂಡನ್ನು ಬಿಚ್ಚಿ ತನ್ನದನ್ನು ಕಟ್ಟಿದ. ತೂಕದ ಬಟ್ಟನ್ನು ಪಕ್ಕದ ದಿನಸಿ ಅಂಗಡಿಯಿಂದ ಕೇಳಿ ತಂದ. ಮೂರು ಚೀಲಕ್ಕೆ ಮರಳು ತುಂಬಿಸಿ, ಒಂದೊಂದನ್ನೂ ಇಪ್ಪತ್ತೈದು ಕೆಜಿಗೆ ಸರಿಯಾಗಿ ತಾನೇ ತೂಗಿದ. ಪ್ರೇಮ್ ಸ್ವಲ್ಪ ದೂರದಲ್ಲಿ ಹಲಸಿನ ಮರಕ್ಕೆ ಒರಗಿ ನಿಂತಿದ್ದ. ರಾತ್ರಿ ನಿದ್ದೆ ಮಾಡಿದವನ ಹಾಗೆ ಕಾಣಲಿಲ್ಲ. ಆಂಜನಮ್ಮ ಒಂದು ತಟ್ಟೆಯಲ್ಲಿ ಕಾಯಿ, ನಿಂಬೆಹಣ್ಣು, ಕುಂಕುಮ ತಂದು ತೊಟ್ಟಿಯ ಕಟ್ಟೆ ಮೇಲಿಟ್ಟಳು. ಉಳಿದ ಏಳು ದೋಣಿಗೆ ಇನ್ನೂ ಪೂಜೆ ಆಗಿರಲಿಲ್ಲ.

ಒಂಬತ್ತಕ್ಕೆ ಯಮುನಾ ಸ್ಕೂಟರಿನಲ್ಲಿ ಬಂದಳು. ನಿನ್ನೆ ಮಗುಚಿದ ದೋಣಿಯೇ ತೊಟ್ಟಿಯಲ್ಲಿ ತೇಲುತ್ತಿತ್ತು. ಬೈಲಪ್ಪ ಮೂರು ಚೀಲವನ್ನೂ ದೋಣಿಯ ತಳದಲ್ಲಿ ಸಾಲಾಗಿ ಮಲಗಿಸಿದ. ಮಂಡಿವರೆಗೆ ಪಂಚೆ ಎತ್ತಿ ಕಟ್ಟಿ, ಕಟ್ಟೆಯ ಮೇಲಿನಿಂದ ಬಗ್ಗಿ ಬಟ್ಟನ್ನು ನಡುವೆ ಇಟ್ಟ. ಗುಂಡು ಸೊನ್ನೆಯ ಮೇಲೆ ನಿಂತಿತು. ಬಟ್ಟನ್ನು ಅಂಚಿಗೆ ಸರಿಸಿದ. ದೋಣಿ ಒಂಚೂರು ವಾಲಿತು. ಗುಂಡು ಆಚೆ ಈಚೆ ಆಡಿ ನಿಂತಿತು.

ಐದು.

ಬೈಲಪ್ಪ ಕಣ್ಣು ಕಿರಿದು ಮಾಡಿ ಇನ್ನೊಮ್ಮೆ ನೋಡಿದ. ಬಟ್ಟು ತೆಗೆದು ಮತ್ತೆ ಇಟ್ಟ. ಐದು. ಎಡಕ್ಕೆ ಇಟ್ಟು ನೋಡಿದ. ಐದೂಕಾಲು. ಅವನದೇ ಗುಂಡು, ಅವನೇ ತಂದ ಬಟ್ಟು, ಅವನೇ ತೂಗಿದ ಮರಳು. ಹುಡುಗ ಬರೆದದ್ದು ಅಕ್ಷರಶಃ ನಿಜವಾಗಿತ್ತು. ಇವನು ಸುಳ್ಳು ಬರೆದಿಲ್ಲ ಅಂದರೆ ನಿನ್ನೆ ದೋಣಿ ಮಗುಚಿದ್ದು ಹೇಗೆ?

"ಸರ್, ಅಲ್ಲಿ ಸೀಟಿದ್ಯಲ್ಲ, ಚೀಲ ಅದ್ರ ಮೇಲೆ ಯಾಕಿಟ್ಟಿಲ್ಲ?" ಅಂತ ಕೇಳಿದಳು ಯಮುನಾ.

"ಸೀಟ್ ಮೇಲೆ ನಿಲ್ಲಲ್ಲ, ಬಿದ್ದೋಗುತ್ತೆ. ತೂಕ ತೂಕಾನೇ ಅಲ್ವೇನಮ್ಮ, ಕೆಳಗಿದ್ರೇನು ಮೇಲಿದ್ರೇನು?"

"ಮರಳು ಮಲಗಿದೆ ಸರ್. ನಾನು ಕೂತಿದ್ದೆ."

ಅವಳು ತನ್ನ ಹೊಟ್ಟೆಯ ಮೇಲೆ ಅಂಗೈ ಇಟ್ಟು ತೋರಿಸಿದಳು. "ಕೂತೋರ ಭಾರ ಎಲ್ಲಾ ಇಲ್ಲಿರತ್ತೆ. ತಳದಿಂದ ಒಂದಡಿ ಮೇಲೆ. ತುಂಬಿದ ಕೊಡ ಕಂಕುಳಲ್ಲಿಟ್ಕೊಂಡು ನಡೆಯೋದಕ್ಕೂ ತಲೆ ಮೇಲೆ ಇಟ್ಕೊಂಡು ನಡೆಯೋದಕ್ಕೂ ವ್ಯತ್ಯಾಸ ಇಲ್ವಾ?"

ಹೇಳಿ, ಲೈಫ್ ಜಾಕೆಟ್ ಕಟ್ಟಿಕೊಂಡು ಅವಳೇ ತೊಟ್ಟಿಗೆ ಇಳಿದಳು. ಅಬ್ರಾರ್ ಚೀಲಗಳನ್ನು ಎತ್ತಿ ಹಾಕಿದ. ಯಮುನಾ ದೋಣಿಯೊಳಗೆ ಹುಷಾರಾಗಿ ಕೂತು, ಕೈ ಎರಡನ್ನೂ ತೊಡೆಯ ಮೇಲಿಟ್ಟುಕೊಂಡು ಅಲ್ಲಾಡದೆ ಇದ್ದಳು. ಬೈಲಪ್ಪ ಅದೇ ಬಟ್ಟನ್ನು ಅಂಚಿಗೆ ಸರಿಸಿದ. ದೋಣಿ ಸರ್ರನೆ ವಾಲಿತು. ಗುಂಡು ಐದು ದಾಟಿತು, ಹತ್ತು ದಾಟಿತು, ಹದಿನಾರರ ಹತ್ತಿರ ಹೋಗಿ ನಿಂತಿತು.

ಪಕ್ಕದ ಬಾಡಿಗೆ ಮನೆಯಿಂದ ಕುಕ್ಕರಿನ ಕೂಗು ಕೇಳುತ್ತಿತ್ತು. ಬೈಲಪ್ಪನಿಗೆ ಉರಿದುಹೋಯಿತು. ಹುಡುಗ ಈಗ ಸಿಕ್ಕಿಬಿದ್ದ ಅಂದುಕೊಂಡ. ಮರದ ಕಡೆ ತಿರುಗಿದ.

"ಕೊಚ್ಚಿಗೆ ಹೋಗಿ ಕಲಿತು ಬಂದಿದ್ದು ಇದೇನೇನೋ? ಮನುಷ್ಯರು ಕೂರೋ ಬೋಟಿಗೆ ಮನುಷ್ಯರನ್ನ ಕೂರಿಸಿ ಅಳೀಬೇಕು ಅಂತ ಗೊತ್ತಾಗ್ಲಿಲ್ವಾ? ಯಾಕ್ ಕೂರಿಸ್ಲಿಲ್ಲ? ಬಾಯ್ಬಿಡು."

ಪ್ರೇಮ್ ತಾಯಿಯ ಮುಖ ನೋಡಿದ, ತಟ್ಟೆಯಲ್ಲಿದ್ದ ನಿಂಬೆಹಣ್ಣು ನೋಡಿದ. ಹೇಳಿದವನು ಅಬ್ರಾರ್.

"ಕಾಲಿಟ್ಟಿದ್ದ ಅಣ್ಣ. ಒಂದು ಕಾಲು ಒಳಗಿಟ್ಟಿದ್ದ. ನೀವೇ ತೋಳು ಹಿಡಿದು ಎಳ್ದಿದ್ದು. ಪೂಜೆ ಆಗದೆ ಯಾರೂ ಕೂರ್ಬಾರ್ದು, ನಿಮ್ಮಪ್ಪನ್ನ ತಿಂದಿದ್ದು ಸಾಲ್ದಾ ಅಂದ್ರಿ. ಮರಳು ಹಾಕಿ ಅಳ್ಕೋ ಅಂತಾನೂ ನೀವೇ ಹೇಳಿದ್ದು."

ಬೈಲಪ್ಪನಿಗೆ ನೆನಪಾಯಿತು. ಮರೆತಿರಲಿಲ್ಲ, ಲೆಕ್ಕಕ್ಕೆ ಹಿಡಿದಿರಲಿಲ್ಲ ಅಷ್ಟೆ. ಮೊದಲ ದೋಣಿ ಅಚ್ಚಿನಿಂದ ಎದ್ದ ದಿನ ಅದು. ಹುಡುಗ ನಗುನಗುತ್ತಾ ಒಂದು ಕಾಲು ಒಳಗೆ ಇಟ್ಟಿದ್ದ. ಅವನಪ್ಪನದೇ ಹೆಗಲು, ಅವನಪ್ಪನದೇ ನಗು. ಬೈಲಪ್ಪ ತೋಳು ಹಿಡಿದು ಎಳೆದು ಹಾಕಿದ್ದ. ಎಳೆದ ರಭಸಕ್ಕೆ ಹುಡುಗ ಮೊಣಕೈ ತರಚಿಕೊಂಡಿದ್ದ.

ಪ್ರೇಮ್ ಜೇಬಿನಿಂದ ನಾಲ್ಕು ಮಡಿಕೆಯ ಹಾಳೆ ತೆಗೆದು ಕಟ್ಟೆಯ ಮೇಲಿಟ್ಟ. ನೋಟ್‌ಬುಕ್ಕಿನಿಂದ ಹರಿದ ಹಾಳೆ. ಕೂತರೆ ಎಷ್ಟು ಬರಬಹುದು ಅಂತ ಲೆಕ್ಕ ಹಾಕಿದ್ದ. ಕೊನೆಗೆ ಹದಿನೈದೂವರೆ ಅಂತ ಬರೆದು ಅಡಿಗೆರೆ ಎಳೆದಿದ್ದ.

"ಸೋಮವಾರಾನೇ ಅನುಮಾನ ಬಂದಿತ್ತು ಮಾವ. ಲೆಕ್ಕ ಸರಿನೋ ತಪ್ಪೋ ಗ್ಯಾರಂಟಿ ಇರ್ಲಿಲ್ಲ. ನಿಮಗೆ ತೋರ್ಸಿದ್ರೆ ಮತ್ತೆ ಅಪ್ಪನ ಮಾತು ಬರತ್ತೆ ಅಂತ ಹರ್ದಾಕಿದೆ. ಪೂಜೆ ಆದ್ಮೇಲೆ ಕೆರೇಲಿ ಅವರು ಕೂತಾಗ ಗೊತ್ತಾಗತ್ತಲ್ಲ ಅಂದ್ಕೊಂಡೆ. ಅವರು ಅಷ್ಟು ಬಾಗ್ತಾರೆ ಅಂತ ಅಂದ್ಕೊಂಡಿರ್ಲಿಲ್ಲ. ತಪ್ಪು ನಂದೇ."

"ನಿನ್ನೆ ಟೀ ಅಂಗಡೀಲಿ?"

ಪ್ರೇಮ್ ತಲೆ ಎತ್ತಿ ನೋಡಿದ. ಮಾವ ಹಿಂದೆ ಬಂದಿದ್ದು ಅವನಿಗೆ ಈಗ ಗೊತ್ತಾಯಿತು.

ಯಮುನಾ ದೋಣಿಯಿಂದ ಇಳಿಯುತ್ತಾ ಹೇಳಿದಳು. "ನನ್ನ ತೂಕ, ಕೂತಾಗಿನ ಎತ್ತರ ಬರೆಸ್ಕೊಂಡು ಹೋದ್ರು ಸರ್. ಸೀಟು ಎಷ್ಟು ಇಳಿಸ್ಬೇಕು ಅಂತ ಲೆಕ್ಕಕ್ಕೆ. ಕೈನೂ ಮುಗಿದ್ರು. ನಾನು ಹೇಳಿದ್ರೆ ಮಾವಂಗೆ ನೋವಾಗುತ್ತೆ, ಸೀಟಿನ ವಿಷಯ ನೀವೇ ಬಂದು ಕೇಳಿ ಅಂದ್ರು. ನೀರಿಗೆ ಬಿದ್ದಿದ್ದಕ್ಕೆ ಸಿಟ್ಟಿತ್ತು ನಂಗೆ, ಬೈದೆ ಕೂಡ. ಆದ್ರೆ ಬೋಟು ಕೆಟ್ಟದ್ದಲ್ಲ. ಕೂತಾಗ ಒಂಚೂರು ಅಲ್ಲಾಡೋ ಬೋಟಿಗೆ ಭಯ ಬೀಳ್ಬಾರ್ದು. ಅಲ್ಲಾಡಿ ವಾಪಸ್ ಬರತ್ತಾ ಇಲ್ವಾ, ಅಷ್ಟೇ ನೋಡ್ಬೇಕು."

ಬೈಲಪ್ಪ ಕಟ್ಟೆಯ ಮೇಲೆ ಕೂತುಬಿಟ್ಟ. ತಂಗಿಯ ಕಡೆ ನೋಡುವ ಧೈರ್ಯ ಬರಲಿಲ್ಲ. ಆಂಜನಮ್ಮ ಹೇಳಬೇಕಾದ್ದನ್ನು ನಿನ್ನೆಯೇ ಹೇಳಿ ಮುಗಿಸಿದ್ದಳು. ಅವನಿಗೆ ನಾಚಿಕೆಯಾಯಿತು. ಹಾಲು ಅಳೆದವನು, ಸಿಲಿಂಡರ್ ತೂಗಿದವನು, ತನ್ನ ಬಾಯಿಂದ ಬಿದ್ದ ಮಾತನ್ನು ಒಂದು ಸಲವೂ ಪ್ರಮಾಣಿಸಿ ನೋಡಿರಲಿಲ್ಲ.

ಅಬ್ರಾರ್ ಮತ್ತು ಪ್ರೇಮ್ ಸೇರಿ ಎರಡನೇ ದೋಣಿಯನ್ನು ಹೊತ್ತು ತಂದು ತೊಟ್ಟಿಗೆ ಇಳಿಸಿದರು. ಸೀಟನ್ನು ನಾಲ್ಕು ಬೆರಳು ತಗ್ಗಿಸಿ ಕೂರಿಸಿದ್ದರು. ಅಬ್ರಾರನ ಕೆಲಸ, ಕೊಯ್ದ ಗುರುತೂ ಕಾಣುತ್ತಿರಲಿಲ್ಲ. ಚೌಕಟ್ಟನ್ನು ಬಿಚ್ಚಿ ಇದಕ್ಕೆ ಕಟ್ಟಿದರು. ಆಂಜನಮ್ಮ ಸೆರಗು ಸಿಕ್ಕಿಸಿಕೊಂಡು ತಟ್ಟೆ ಕೈಗೆತ್ತಿಕೊಂಡಳು.

"ಇರು," ಅಂದ ಬೈಲಪ್ಪ.

ಚಪ್ಪಲಿ ಕಳಚಿದ. ಶರ್ಟಿನ ಜೇಬಿನಿಂದ ಮೊಬೈಲು, ಕನ್ನಡಕದ ಡಬ್ಬ ತೆಗೆದು ತಂಗಿಯ ತಟ್ಟೆಯೊಳಗೆ, ನಿಂಬೆಹಣ್ಣಿನ ಪಕ್ಕ ಇಟ್ಟ. ಅವಳು ತಟ್ಟೆ ಹಿಡಿದುಕೊಂಡು ಹಾಗೇ ನಿಂತಳು.

"ಮಾವ, ಏನ್ ಮಾಡ್ತಿದೀರ? ನಾನ್ ಕೂರ್ತೀನಿ ಬಿಡಿ," ಅಂದ ಪ್ರೇಮ್.

"ನೀನು ಕೂತ್ರೆ ಸ್ಕೇಲು ಓದೋರ್ಯಾರು?"

"ಪೂಜೆ ಆಗಿಲ್ಲ ಮಾವ."

"ಗೊತ್ತು. ಹಿಡ್ಕೋ ದೋಣಿನ."

ಕಟ್ಟೆಯ ಮೇಲಿನಿಂದ ಒಂದು ಕಾಲು ಇಟ್ಟ. ದೋಣಿ ಅಲುಗಿತು. ಇನ್ನೊಂದು ಕಾಲಿಡುವ ಮುಂಚೆ ಕಟ್ಟೆಯ ಅಂಚನ್ನು ಹಿಡಿದುಕೊಂಡ. ಅದು ಮಂಡಿ ನೋವಿನಿಂದ ಮಾತ್ರ ಅಲ್ಲ ಅಂತ ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ಸೀಟಿನಲ್ಲಿ ಕೂತ. ಬೆನ್ನ ಹಿಂದೆ ಚೌಕಟ್ಟು, ಗುಂಡು, ಸ್ಕೇಲು. ಅವನ ಕಣ್ಣಿಗೆ ಕಾಣುತ್ತಿದ್ದದ್ದು ದೋಣಿಯ ಮೂತಿ ಮತ್ತು ತೊಟ್ಟಿಯ ಆಚೆ ಗೋಡೆ.

"ಹಿಂದೆ ತಿರುಗ್ಬೇಡಿ ಸರ್, ತಿರುಗಿದ್ರೆ ಅಳತೆ ಕೆಡತ್ತೆ," ಅಂದಳು ಯಮುನಾ. ಬಟ್ಟು ಅವಳ ಕೈಯಲ್ಲಿತ್ತು.

ಅವಳು ಅದನ್ನು ಅಂಚಿಗೆ ಇಟ್ಟಳು. ದೋಣಿ ವಾಲಿತು, ಆದರೆ ಅಲ್ಲೇ ತಡೆಯಿತು. ಪ್ರೇಮ್ ನೀರಿಗೆ ಇಳಿದು ದೋಣಿಯ ಅಂಚನ್ನು ಎರಡೂ ಕೈಯಲ್ಲಿ ಹಿಡಿದಿದ್ದ. ಮೊಣಕೈಯ ತರಚು ಗಾಯ ಒಣಗಿ ಕಪ್ಪಾಗಿದ್ದು ಬೈಲಪ್ಪನಿಗೆ ಹತ್ತಿರದಿಂದ ಕಾಣಿಸಿತು.

"ಕೈ ಬಿಡು," ಅಂದ.

"ನಿಮಗೆ ಈಜು ಬರಲ್ಲ ಮಾವ."

"ಎದೆಮಟ್ಟ ನೀರು ಕಣೋ. ನೀನು ಹಿಡ್ಕೊಂಡಿದ್ರೆ ಅದೆಂಥ ಅಳತೆ? ಬಿಡು."

ಪ್ರೇಮ್ ಒಂದು ಕೈ ಬಿಟ್ಟ. ಆಮೇಲೆ ಇನ್ನೊಂದು. ಚೌಕಟ್ಟಿನ ಹಿಂದಕ್ಕೆ ಹೋಗಿ ಬಗ್ಗಿ ನಿಂತ. ದೋಣಿ ಅತ್ತ ಒಂಚೂರು, ಇತ್ತ ಒಂಚೂರು ಆಡಿತು. ಬೆನ್ನ ಹಿಂದೆ ಗುಂಡು ತೂಗುವ ಸಣ್ಣ ಸದ್ದು, ದಾರ ಮರಕ್ಕೆ ಉಜ್ಜುವ ಸದ್ದು ಬೈಲಪ್ಪನಿಗೆ ಕೇಳುತ್ತಿತ್ತು. ಕತ್ತು ತನ್ನಷ್ಟಕ್ಕೆ ತಾನೇ ತಿರುಗಲು ಹೊರಟಿತು. ಅವನು ತೊಡೆಯ ಮೇಲಿದ್ದ ಅಂಗೈಗಳನ್ನು ಒತ್ತಿ ಹಿಡಿದುಕೊಂಡ. ಸದ್ದು ಕಮ್ಮಿಯಾಗುತ್ತಾ ಹೋಗಿ ನಿಂತಿತು.

"ಎಷ್ಟು?"

"ಒಂಬತ್ತೂವರೆ, ಮಾವ."

"ಬರ್ಕೋ," ಅಂದ ಬೈಲಪ್ಪ, ಎದುರಿನ ಗೋಡೆ ನೋಡುತ್ತಾ.